ಇಂದಿನ ಧಮ್ಮ ಚಿಂತನೆ: ಜೂನ್ ಒಂದರಂದು ಹುಟ್ಟಿದವರು



ಇವತ್ತಿನ ಪ್ರಶ್ನೆ ಕೇಳಲು ಸಣ್ಣದು. ಬೌದ್ಧರಾದ ನಾವು ಹುಟ್ಟುಹಬ್ಬ ಮಾಡಿಕೊಳ್ಳಬಹುದೇ? ಮಾಡಿಕೊಂಡರೆ ಅಲ್ಲಿ ಯಾವುದಕ್ಕೆ ಹಬ್ಬ ಮಾಡಿದ ಹಾಗಾಯಿತು?

ಮೊದಲು ಒಂದು ಪದ ನೋಡೋಣ. ಪಾಲಿ ಭಾಷೆಯಲ್ಲಿ 'ಜಾತಿ' ಎಂದರೆ ಹುಟ್ಟು. ಭಗವಾನ್ ಬುದ್ಧರು ದುಃಖದ ಸತ್ಯವನ್ನು ಹೇಳುವಾಗ ಮುಪ್ಪು, ರೋಗ, ಸಾವುಗಳ ಜೊತೆಗೆ 'ಜಾತಿ'ಯೂ ದುಃಖ ಎಂದರು. ಅಲ್ಲಿ ಅವರು ಹೇಳಿದ್ದು ಹುಟ್ಟಿನ ಮಾತು. ಆದರೆ ಕನ್ನಡದಲ್ಲಿ ಆ ಪದ ಕೇಳಿದ ಕೂಡಲೇ ನಮ್ಮ ಎದೆಗೆ ತಾಗುವುದು ಬೇರೆಯೇ. 'ಜನ್' ಎಂಬ ಒಂದೇ ಧಾತುವಿನಿಂದ ಜನ್ಮ, ಜಾತಿ, ಜಾತಕ ಎಲ್ಲವೂ ಬಂದಿವೆ. ಈ ದೇಶದಲ್ಲಿ ಹುಟ್ಟು ಮತ್ತು ಜಾತಿ ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದಕ್ಕೆ ಭಾಷೆಯೇ ಸಾಕ್ಷಿ. ಹೀಗಿರುವಾಗ ನಮ್ಮ ಜನ 'ಹುಟ್ಟಿದ ದಿನ'ವನ್ನು ಹಬ್ಬ ಎಂದು ಕರೆಯುವುದು ಅಷ್ಟು ಸುಲಭವಲ್ಲ.

ಇನ್ನು ನಮ್ಮಲ್ಲಿ ಎಷ್ಟೋ ಮಂದಿಗೆ ಹುಟ್ಟಿದ ದಿನವೇ ಗೊತ್ತಿಲ್ಲ. ದಾವಣಗೆರೆ, ಹರಿಹರದ ಸುತ್ತಲಿನ ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರ್ ತೆರೆದು ನೋಡಿ. ಜನ್ಮದಿನಾಂಕದ ಕಾಲಂನಲ್ಲಿ ಜೂನ್ 1 ಮತ್ತೆ ಮತ್ತೆ ಬರುತ್ತದೆ. ನಮ್ಮ ಕೇರಿಯ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದರೇ? ಇಲ್ಲ. 1969ರಲ್ಲೇ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದರೂ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಕೂಸುಗಳ ಹೆಸರು ಯಾವ ಪುಸ್ತಕವನ್ನೂ ಸೇರಲಿಲ್ಲ. ಶಾಲೆಗೆ ಸೇರಿಸಲು ಅವ್ವನೋ ಅಪ್ಪನೋ ಕರೆದುಕೊಂಡು ಬಂದಾಗ ಹೆಡ್ಮಾಸ್ತರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಕಿವಿ ಸಿಕ್ಕರೆ ವಯಸ್ಸಾಯಿತು. ಶಾಲೆ ಶುರುವಾಗುವ ಜೂನ್ ಒಂದರಿಂದ ಹಿಂದಕ್ಕೆ ವರ್ಷ ಎಣಿಸಿ ಬರೆದುಬಿಡುತ್ತಿದ್ದರು. ಆ ದಿನಾಂಕವೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಆಧಾರಿಗೆ ಹೋಯಿತು, ಪಾಸ್‌ಪೋರ್ಟಿಗೂ ಹೋಯಿತು.

ಈ ವಿಷಯ ಎತ್ತಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಕಳಿಸಿದ ಪ್ರಶ್ನೆ. ಹರಿಹರ ತಾಲ್ಲೂಕಿನ ಹುಡುಗಿ. ದಾವಣಗೆರೆಯಲ್ಲಿ ಓದಿ, ಈಗ ಥಾಯ್ಲೆಂಡಿನ ಒಂದು ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಅವಳ ಮಾತು ಅವಳದೇ ಬಾಯಲ್ಲಿ ಇರಲಿ: "ಮೇಡಂ, ಜೂನ್ ಒಂದಕ್ಕೆ ನಿಮ್ಮ ಬರ್ತ್‌ಡೇ ಮಾಡ್ತೀವಿ ಅಂತ ಇಲ್ಲಿ ಟೀಚರ್ಸ್ ಎಲ್ಲ ಹೇಳಾಕತ್ಯಾರೆ. ನೀವು ಹುಟ್ಟಿದ್ದು ಯಾವ ವಾರ ಅಂತ ಕೇಳ್ತಾರೆ. ನಮ್ಮವ್ವಗೆ ವಾರ ಎಲ್ಲಿ ನೆನಪೈತಿ? ದುಗ್ಗಮ್ಮನ ಜಾತ್ರೆ ಆಗಿ ತಿಂಗಳೊಪ್ಪತ್ತಿಗೆ, ಬ್ಯಾಸಿಗಿ ಭತ್ತ ಹಾಲು ತುಂಬೋ ಹೊತ್ತಿಗೆ ಹುಟ್ಟಿದಿ ಅಂತಾಳೆ. ಬುದ್ಧನ ದೇಶಕ್ಕೆ ಬಂದ್ರೂ ಹುಟ್ಟು ಕೇಳೋದು ತಪ್ಪಲಿಲ್ಲ ನೋಡ್ರಿ. ಸುಳ್ಳು ದಿನಾಂಕಕ್ಕೆ ಕೇಕ್ ಕತ್ತರಿಸಿದ್ರೆ ನಾಲ್ಕನೇ ಶೀಲ ಮುರಿದಂಗಲ್ಲೇನು?"

ಥಾಯ್ಲೆಂಡಿನ ಪದ್ಧತಿ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಅಲ್ಲಿ ಹುಟ್ಟಿದ ದಿನ ಬೆಳಿಗ್ಗೆ ಎದ್ದು ಭಿಕ್ಖುಗಳಿಗೆ ಭಿಕ್ಷೆ ನೀಡುವುದು, ವಿಹಾರಕ್ಕೆ ಹೋಗುವುದು, ಹಿಡಿದ ಮೀನನ್ನು ನೀರಿಗೆ ಬಿಡುವುದು ಬಹಳ ಜನ ಪಾಲಿಸುವ ರೂಢಿ. ಜೊತೆಗೆ ಹುಟ್ಟಿದ ವಾರಕ್ಕೆ ಒಂದೊಂದು ಭಂಗಿಯ ಬುದ್ಧಮೂರ್ತಿ ಇದೆ. ಮಂಗಳವಾರದವರಿಗೆ ಮಲಗಿದ ಬುದ್ಧ, ಗುರುವಾರದವರಿಗೆ ಧ್ಯಾನದ ಬುದ್ಧ, ಶನಿವಾರದವರಿಗೆ ನಾಗನ ಹೆಡೆಯ ಕೆಳಗಿನ ಬುದ್ಧ. ಬುಧವಾರವನ್ನು ಹಗಲು ರಾತ್ರಿ ಎಂದು ಎರಡು ಮಾಡಿರುವುದರಿಂದ ಒಟ್ಟು ಎಂಟು. ಇದರ ಬೇರು ಗ್ರಹಗಳ ಲೆಕ್ಕದಲ್ಲಿದೆ. ಅಂದರೆ ದಾನವೂ ಅಲ್ಲಿದೆ, ಜ್ಯೋತಿಷ್ಯದ ನೆರಳೂ ಅಲ್ಲಿದೆ.

ಈ ಪ್ರಶ್ನೆಯನ್ನು ಅಧ್ಯಯನ ವೃತ್ತದಲ್ಲಿ ಇಟ್ಟಾಗ ಎರಡು ಬಗೆಯ ಉತ್ತರ ಬಂದವು.

ಹಿರಿಯರೊಬ್ಬರು ಹೇಳಿದರು: ಹುಟ್ಟೇ ದುಃಖ ಎಂದು ಬುದ್ಧರು ಹೇಳಿದ ಮೇಲೆ ಅದಕ್ಕೆ ಹಬ್ಬ ಏಕೆ? ಕೇಕ್, ಮೇಣದಬತ್ತಿ ನಮಗೆ ಬೇಡ. ಕಿರಿಯರೊಬ್ಬರು ಹೇಳಿದರು: ನೂರಾರು ವರ್ಷ ಹಬ್ಬ ಮಾಡುವವರ ಮನೆಯ ಹೊರಗೆ ನಿಂತು ಎಂಜಲು ಬಳಿದವರು ನಾವು. ನಮ್ಮ ಮಕ್ಕಳು ಹೊಸ ಅಂಗಿ ತೊಟ್ಟು ಕೇಕ್ ಕತ್ತರಿಸಿದರೆ ಯಾರಿಗೇನು ನಷ್ಟ?

ಎರಡೂ ಮಾತಿನಲ್ಲಿ ನಿಜವಿದೆ. ಹಿರಿಯರ ಮಾತನ್ನು ಮೊದಲು ನೋಡೋಣ. ಹುಟ್ಟು ದುಃಖ ಎಂದು ಬುದ್ಧರು ಹೇಳಿದ್ದು ಎಲ್ಲ ಮನುಷ್ಯರಿಗೂ ಅನ್ವಯಿಸುವ ಮಾತು. ಅರಮನೆಯಲ್ಲಿ ಹುಟ್ಟಿದವರಿಗೂ ಅದು ಸತ್ಯ, ಗುಡಿಸಲಲ್ಲಿ ಹುಟ್ಟಿದವರಿಗೂ ಸತ್ಯ. ಹುಟ್ಟು ನಾಚಿಕೆ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಹುಟ್ಟಿನಿಂದ ಯಾರೂ ಹೊಲಸಾಗುವುದಿಲ್ಲ, ಮಾಡುವ ಕೆಲಸದಿಂದ ಆಗುತ್ತಾರೆ ಎಂದು ವಸಲ ಸುತ್ತದಲ್ಲಿ ಅಗ್ಗಿಕ ಭಾರದ್ವಾಜನಿಗೆ ಮುಖಕ್ಕೇ ಹೇಳಿದರು. ಹುಟ್ಟಿಗೆ ನಾಚಿಕೆಯನ್ನು ಅಂಟಿಸಿದ್ದು ವರ್ಣವ್ಯವಸ್ಥೆ. ದುಃಖಕ್ಕೂ ನಾಚಿಕೆಗೂ ಇರುವ ವ್ಯತ್ಯಾಸವನ್ನು ನಾವು ಮರೆಯಬಾರದು. ದುಃಖಕ್ಕೆ ಬುದ್ಧರು ಅಷ್ಟಾಂಗ ಮಾರ್ಗವನ್ನು ತೋರಿಸಿದ್ದಾರೆ. ನಾಚಿಕೆ ಮಾತ್ರ ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ.

ಎಷ್ಟು ತಿನ್ನುತ್ತದೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡರು. ತಮ್ಮ ಹುಟ್ಟೇ ಒಂದು ದುರಂತ ಎಂಬ ಅರ್ಥದ ಮಾತು ಅವರ ಕೊನೆಯ ಪತ್ರದಲ್ಲಿತ್ತು. ಹದಿಮೂರು ದಿನ ಕಳೆದಿದ್ದರೆ, ಜನವರಿ 30ಕ್ಕೆ, ಅವರಿಗೆ ಇಪ್ಪತ್ತೇಳು ತುಂಬುತ್ತಿತ್ತು. ನಕ್ಷತ್ರಗಳ ಬಗ್ಗೆ ಬರೆಯುವ ಕನಸಿದ್ದ ಹುಡುಗನಿಗೆ ತನ್ನ ಹುಟ್ಟು ಭಾರವಾಯಿತು.

ಆಮೇಲೆ ನಡೆದದ್ದನ್ನೂ ನೆನಪಿಡಬೇಕು. ಅದೇ ವರ್ಷ ಏಪ್ರಿಲ್ 14ರಂದು, ಬಾಬಾಸಾಹೇಬರ 125ನೇ ಜನ್ಮದಿನದಂದು, ರೋಹಿತ್‌ರ ತಾಯಿ ರಾಧಿಕಾ ವೇಮುಲ ಅವರು ತಮ್ಮ ಇನ್ನೊಬ್ಬ ಮಗನೊಂದಿಗೆ ಮುಂಬೈಯ ದಾದರ್‌ನಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು. ಮಗನನ್ನು ಕಳೆದುಕೊಂಡ ತಾಯಿ ಒಂದು ಹುಟ್ಟುಹಬ್ಬದ ದಿನವೇ ಹೊಸ ಹುಟ್ಟನ್ನು ಪಡೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ನೀಡಿದ 22 ಪ್ರತಿಜ್ಞೆಗಳ ಕೊನೆಯ ಭಾಗದಲ್ಲಿ, ಇಂದು ನನಗೆ ಹೊಸ ಜನ್ಮ ಬಂದಿದೆ ಎಂಬ ಅರ್ಥದ ಪ್ರತಿಜ್ಞೆ ಇದೆ. ಪುನರ್ಜನ್ಮದ ಕಥೆಗಳನ್ನು ಒಪ್ಪದ ಬಾಬಾಸಾಹೇಬರು 'ಹೊಸ ಜನ್ಮ' ಎಂಬ ಮಾತನ್ನು ಏಕೆ ಬಿಡಲಿಲ್ಲ? ಇದೇ ದೇಹದಲ್ಲಿ, ಇದೇ ಬದುಕಿನಲ್ಲಿ ಮನುಷ್ಯ ಇನ್ನೊಮ್ಮೆ ಹುಟ್ಟಬಲ್ಲ ಎಂಬುದು ಅದರ ಅರ್ಥ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ತಿಪಿಟಕದಲ್ಲೂ ಆಧಾರವಿದೆ. ಮಜ್ಝಿಮ ನಿಕಾಯದ ಅಂಗುಲಿಮಾಲ ಸುತ್ತವನ್ನು ನೆನಪು ಮಾಡಿಕೊಳ್ಳಿ. ದರೋಡೆ ಕೊಲೆ ಬಿಟ್ಟು ಭಿಕ್ಖುವಾದ ಅಂಗುಲಿಮಾಲ ಸಾವತ್ಥಿಯಲ್ಲಿ ಭಿಕ್ಷೆಗೆ ಹೋದಾಗ, ಹೆರಿಗೆ ಕಷ್ಟವಾಗಿ ನರಳುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಕಂಡು ಮರುಗಿದ. ಬುದ್ಧರು ಅವನಿಗೆ ಹೇಳಿದರು: ಹೋಗಿ, ನಾನು ಹುಟ್ಟಿದಾಗಿನಿಂದ ಬೇಕೆಂದು ಯಾವ ಜೀವವನ್ನೂ ಕೊಂದಿಲ್ಲ, ಈ ಸತ್ಯದಿಂದ ನಿನಗೂ ಮಗುವಿಗೂ ಒಳಿತಾಗಲಿ ಎಂದು ಹೇಳು. ಅಂಗುಲಿಮಾಲ ಹಿಂಜರಿದ: ಭಂತೇ, ಅದು ಸುಳ್ಳಾಗುವುದಿಲ್ಲವೇ, ನಾನು ಎಷ್ಟೋ ಜನರನ್ನು ಕೊಂದಿದ್ದೇನೆ. ಆಗ ಬುದ್ಧರು ಮಾತನ್ನು ತಿದ್ದಿದರು: ಹಾಗಾದರೆ, ಆರ್ಯ ಜನ್ಮದಲ್ಲಿ ಹುಟ್ಟಿದಾಗಿನಿಂದ ಎಂದು ಹೇಳು. ಅವನು ಹಾಗೆಯೇ ಹೇಳಿದ. ತಾಯಿಯೂ ಮಗುವೂ ಉಳಿದರು.

ಇಲ್ಲಿ 'ಆರ್ಯ' ಎಂದರೆ ಕುಲವಲ್ಲ, ಶ್ರೇಷ್ಠ ನಡೆ ಎಂಬುದು ನಿಮಗೆ ಗೊತ್ತೇ ಇದೆ. ಈ ಕಥೆಯಲ್ಲಿ ನಮಗೆ ಬೇಕಾದದ್ದು ಎರಡು ಸಂಗತಿ. ಒಂದು, ಮನುಷ್ಯನಿಗೆ ಎರಡು ಹುಟ್ಟು ಇರಬಹುದು, ಎರಡನೆಯದರಿಂದ ವಯಸ್ಸು ಎಣಿಸಬಹುದು. ಎರಡು, ಹಾಗೆ ಎಣಿಸುವಾಗ ಮೊದಲ ಹುಟ್ಟನ್ನು ಮುಚ್ಚಿಡಬೇಕಿಲ್ಲ. ಯಾವ ಹುಟ್ಟಿನಿಂದ ಎಣಿಸುತ್ತಿದ್ದೇನೆ ಎಂದು ಹೇಳಿದರೆ ಸತ್ಯವೂ ಉಳಿಯುತ್ತದೆ, ಶೀಲವೂ ಉಳಿಯುತ್ತದೆ.

ಈಗ ನಮ್ಮ ಹುಡುಗಿಯ ಜೂನ್ 1ಕ್ಕೆ ಬರೋಣ. ಅದು ಅವಳು ಅವ್ವನ ಹೊಟ್ಟೆಯಿಂದ ಬಂದ ದಿನ ಅಲ್ಲ. ಅದು ಅವಳು ಅಕ್ಷರಕ್ಕೆ ಹುಟ್ಟಿದ ದಿನ. ಅವಳ ಅಜ್ಜಿಗೆ ಅಂಥ ದಿನ ಬರಲೇ ಇಲ್ಲ, ಅವಳ ಅವ್ವನಿಗೂ ಬರಲಿಲ್ಲ. ಶೂದ್ರ, ಅತಿಶೂದ್ರರ ಕಿವಿಗೆ ಅಕ್ಷರ ಬೀಳಬಾರದು ಎಂದ ನಾಡಿನಲ್ಲಿ, ಕೇರಿಯ ಒಂದು ಹೆಣ್ಣುಮಗು ತಲೆಯ ಮೇಲಿಂದ ಕೈ ಹಾಯಿಸಿ ಅದೇ ಕಿವಿಯನ್ನು ಮುಟ್ಟಿ ಶಾಲೆಗೆ ಸೇರಿತು. ಆ ದಿನವನ್ನು ಸುಳ್ಳು ಎಂದು ಏಕೆ ಕರೆಯಬೇಕು? 'ಇದು ನಾನು ಹೆತ್ತವಳಿಂದ ಹುಟ್ಟಿದ ದಿನ' ಎಂದರೆ ಮಾತ್ರ ಅದು ಸುಳ್ಳು. 'ಇದು ನನ್ನನ್ನು ಶಾಲೆಗೆ ಬರೆದ ದಿನಾಂಕ, ನಮ್ಮೂರಲ್ಲಿ ಬಡವರ ಮಕ್ಕಳಿಗೆ ಹೀಗೇ ಬರೆಯುತ್ತಿದ್ದರು' ಎಂದು ಬಿಡಿಸಿ ಹೇಳಿದರೆ ಅದಕ್ಕಿಂತ ದೊಡ್ಡ ಸತ್ಯ ಇಲ್ಲ.

ಹಾಗೆ ಹೇಳುವುದಕ್ಕೆ ಧೈರ್ಯ ಬೇಕು, ನಿಜ. ಪರದೇಶದಲ್ಲಿ ಯಾರಿಗೂ ನಮ್ಮ ಕೇರಿ ಗೊತ್ತಿಲ್ಲ. ಅಲ್ಲಿ ಮೈತೊಳೆದ ಹಾಗೆ ಜಾತಿಯನ್ನು ತೊಳೆದುಕೊಂಡು, ಒಂದು ಹುಟ್ಟಿದ ವಾರವನ್ನು ಹೇಳಿ ಸುಮ್ಮನಾಗಿಬಿಡಬಹುದು. ಆದರೆ ಹುಟ್ಟಿನ ಲೆಕ್ಕ ಅಲ್ಲಿಯೂ ಬೇರೆ ವೇಷದಲ್ಲಿ ಕಾದಿರುತ್ತದೆ. ಇಂಗ್ಲಿಷ್ ಕಲಿಸುವ ಕೆಲಸದಲ್ಲಿ 'ನೇಟಿವ್ ಸ್ಪೀಕರ್' ಎಂಬ ಮಾತಿದೆ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರು ಎಂದು ಅದರ ಅರ್ಥ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರ ವೀಸಾ ಇಂಗ್ಲಿಷಿನ ಮಟ್ಟಿಗೆ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ. ಬೇರೆ ಕಡೆಗಳಲ್ಲೂ ನಮ್ಮಂಥವರು ಪರೀಕ್ಷೆ ಬರೆದು ಅಂಕ ತೋರಿಸಬೇಕು. ಅವರಿಗೆ ಹುಟ್ಟಿದ ದೇಶವೇ ಅಂಕಪಟ್ಟಿ. ಎಷ್ಟು ಚೆನ್ನಾಗಿ ಕಲಿಸುತ್ತೀಯ ಎಂಬುದಕ್ಕಿಂತ ಎಲ್ಲಿ ಹುಟ್ಟಿದೆ ಎಂಬುದು ಮೊದಲು ಬಂದರೆ, ಆ ಲೆಕ್ಕದ ಪರಿಚಯ ನಮಗೆ ಚೆನ್ನಾಗಿಯೇ ಇದೆ.

ಆ ಲೆಕ್ಕವನ್ನು ಮುರಿಯುವುದು ಕಲಿಕೆ. ಸಾವಿತ್ರಿಬಾಯಿ ಫುಲೆ ಅವರು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲಿಷನ್ನು ತಾಯಿ ಎಂದು ಕರೆದು ಮರಾಠಿಯಲ್ಲಿ ಪದ್ಯ ಬರೆದರು. ಕನ್ನಡ ಓದಿ ಕನ್ನಡವನ್ನೇ ಕಲಿಸುವ ನನಗೂ ಇದರಲ್ಲಿ ಬೇಸರವಿಲ್ಲ. ಯಾವ ಭಾಷೆ ನಮ್ಮ ಮಕ್ಕಳಿಗೆ ಬಾಗಿಲು ತೆರೆಯುತ್ತದೋ ಅದು ಅವರ ಕೈಗೆ ಸಿಗಬೇಕು. ಆದರೆ ಬಾಗಿಲನ್ನೇ ದೇವರು ಮಾಡಬಾರದು. 2006ರ ಅಕ್ಟೋಬರ್ 25ರಂದು, ಮೆಕಾಲೆಯ ಹುಟ್ಟುಹಬ್ಬದ ದಿನ, ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಅವರು ದೆಹಲಿಯಲ್ಲಿ 'ಇಂಗ್ಲಿಷ್ ದೇವಿ'ಯ ಚಿತ್ರವನ್ನು ಬಿಡುಗಡೆ ಮಾಡಿದರು. ಎಲ್ಲರೂ ತಿರುಗಿ ನೋಡಲಿ ಎಂಬ ಅವರ ಉದ್ದೇಶ ಅರ್ಥವಾಗುತ್ತದೆ. ಆದರೂ ದೇವಿಯ ಮುಂದೆ ಕೈಮುಗಿದರೆ ಭಾಷೆ ಬರುವುದಿಲ್ಲ. ಒಬ್ಬ ಟೀಚರ್ ದಿನಾ ಕೂತು ಕಲಿಸಿದರೆ ಬರುತ್ತದೆ.

ಇಲ್ಲಿಗೆ ಕಿರಿಯರ ಮಾತು ಬಂತು: ನಾವೂ ಹಬ್ಬ ಮಾಡೋಣ, ಜೋರಾಗಿಯೇ ಮಾಡೋಣ. ಮಾಡೋಣ. ಆದರೆ ಹುಟ್ಟುಹಬ್ಬದ ಬಗ್ಗೆ ಬಾಬಾಸಾಹೇಬರು ನಮಗೆ ಬಿಟ್ಟುಹೋದ ಎಚ್ಚರವನ್ನು ಮರೆಯದೆ ಮಾಡೋಣ. 1943ರ ಜನವರಿ 18ರಂದು ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆಯವರ 101ನೇ ಜನ್ಮದಿನದ ಸಭೆಯಲ್ಲಿ ಅವರು ಮಾತಾಡಿದರು. 'ರಾನಡೆ, ಗಾಂಧಿ ಮತ್ತು ಜಿನ್ನಾ' ಎಂಬ ಹೆಸರಿನಲ್ಲಿ ಪುಸ್ತಕವಾದ ಭಾಷಣ ಅದೇ. ದೊಡ್ಡವರ ಮೇಲೆ ಗೌರವ ಇಡುವುದು ಒಂದು, ನಮ್ಮ ಬುದ್ಧಿಯನ್ನು ಅವರಿಗೆ ಒಪ್ಪಿಸಿಬಿಡುವುದು ಇನ್ನೊಂದು ಎಂದು ಅವರು ಅಲ್ಲಿ ಬೇರೆ ಮಾಡಿ ತೋರಿಸಿದರು. ಹುಟ್ಟುಹಬ್ಬದ ಸಭೆಯಲ್ಲೇ ವ್ಯಕ್ತಿಪೂಜೆಯನ್ನು ಟೀಕಿಸಿದವರ ಹುಟ್ಟುಹಬ್ಬಕ್ಕೆ ನಾವು ಬರೀ ಡಿಜೆ, ಬ್ಯಾನರ್ ಕಟ್ಟಿ ಮುಗಿಸಿದರೆ ಅವರಿಗೆ ಏನು ಕೊಟ್ಟ ಹಾಗಾಯಿತು?

ಅವರ ಬದುಕಿನ ಇನ್ನೊಂದು ಲೆಕ್ಕ ನೋಡಿ. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಪರದೇಶದಲ್ಲಿ, ಮನೆಮಂದಿಯಿಂದ ದೂರ, 1916ರ ಏಪ್ರಿಲ್ 14ಕ್ಕೆ ಅವರಿಗೆ ಇಪ್ಪತ್ತೈದು ತುಂಬಿತು. ಅಲ್ಲಿಂದ ಸರಿಯಾಗಿ ಇಪ್ಪತ್ತೈದನೇ ದಿನ, ಮೇ 9ರಂದು, ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯ ಬಗ್ಗೆ ತಮ್ಮ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಓದಿದರು. ಯಾವ ಹುಟ್ಟನ್ನು ಹಿಡಿದು ಲೋಕ ಅವರನ್ನು ಕೀಳು ಮಾಡಿತ್ತೋ, ಆ ಹುಟ್ಟನ್ನೇ ಲೋಕದ ಮುಂದಿಟ್ಟು ಪ್ರಶ್ನೆ ಕೇಳಿದರು. ಇಪ್ಪತ್ತೈದು ತುಂಬಿದವರೊಬ್ಬರು ತಮಗೂ ನಮಗೂ ಕೊಟ್ಟುಕೊಂಡ ಉಡುಗೊರೆ ಅದು ಎಂದು ನಾನು ಎಣಿಸುತ್ತೇನೆ.

ನಮ್ಮೂರಲ್ಲೂ ಅಂಥ ಒಂದು ದಿನವಿದೆ. ಪ್ರೊ. ಬಿ. ಕೃಷ್ಣಪ್ಪನವರು 1938ರ ಜೂನ್ 9ರಂದು ಹರಿಹರದಲ್ಲಿ ಹುಟ್ಟಿದರು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅವರ ಸ್ಮಾರಕವಿರುವ ಹನಗವಾಡಿಯ ಮೈತ್ರಿವನ ನಮ್ಮಿಂದ ಎಷ್ಟು ದೂರ? ಅಲ್ಲಿಗೆ ಹೋದಾಗ ನಾವು ನೆನೆಯುವುದು ಅವರು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದನ್ನಲ್ಲ. ಎಷ್ಟು ಹಳ್ಳಿಗಳ ಜನ ಅವರಿಂದ ತಲೆ ಎತ್ತಿ ನಿಂತರು ಎಂಬುದನ್ನು.

'ಜಯಂತಿ' ಎಂಬ ಪದವೂ ಇದನ್ನೇ ಹೇಳುತ್ತದೆ. ಬಹಳ ಜನ ಅದು ಜನ್ಮಕ್ಕೆ ಸಂಬಂಧಿಸಿದ ಪದ ಎಂದುಕೊಂಡಿದ್ದಾರೆ. ಅದು ಬಂದಿರುವುದು 'ಗೆಲ್ಲು' ಎಂಬ ಅರ್ಥದ 'ಜಿ' ಧಾತುವಿನಿಂದ. ನಾವು ಹೇಳುವ 'ಜೈ ಭೀಮ್'ನ ಜೈ ಯಾವ ಮನೆಯದೋ ಜಯಂತಿಯೂ ಅದೇ ಮನೆಯದು. ವೈಶಾಖ ಹುಣ್ಣಿಮೆಯನ್ನೇ ನೋಡಿ. ಥೇರವಾದ ಪರಂಪರೆ ಬುದ್ಧರ ಹುಟ್ಟು, ಬೋಧಿ, ಮಹಾಪರಿನಿಬ್ಬಾಣ ಮೂರನ್ನೂ ಒಂದೇ ದಿನದಲ್ಲಿ ಇಟ್ಟಿದೆ. ಹುಟ್ಟನ್ನು ಒಂಟಿಯಾಗಿ ಬಿಟ್ಟಿಲ್ಲ. ಹುಟ್ಟಿದ್ದಕ್ಕೆ ಬೆಲೆ ಬಂದದ್ದು ಎಚ್ಚೆತ್ತದ್ದರಿಂದ.

ಇಷ್ಟನ್ನು ಯೋಚಿಸಿ ನಾನು ಆ ಹುಡುಗಿಗೆ ಬರೆದದ್ದು ಹೀಗೆ. ಹಬ್ಬ ಮಾಡಿಕೊ ಮಗಳೇ. ಅವರು ಪ್ರೀತಿಯಿಂದ ಕೇಕ್ ತಂದರೆ ಬೇಡ ಎನ್ನಬೇಡ, ಪ್ರೀತಿಯನ್ನು ನಿರಾಕರಿಸುವುದು ಯಾವ ಶೀಲವೂ ಅಲ್ಲ. ವಾರ ಕೇಳಿದರೆ ಗೊತ್ತಿಲ್ಲ ಎಂದು ಹೇಳು. ಎಂಟು ಮೂರ್ತಿಗಳಲ್ಲಿ ಯಾವುದರ ಮುಂದೆ ನಿಂತರೂ ಬುದ್ಧರು ಒಬ್ಬರೇ. ಹುಟ್ಟಿದ ಗಳಿಗೆ ಗೊತ್ತಿಲ್ಲದ ಕಾರಣ ನಿನಗೆ ಜಾತಕವಿಲ್ಲ, ಯಾವ ಗ್ರಹವೂ ನಿನ್ನ ಮೇಲೆ ಹಕ್ಕು ಸಾಧಿಸುವ ಹಾಗಿಲ್ಲ. ಅದನ್ನು ಕೊರತೆ ಎಂದುಕೊಳ್ಳಬೇಡ. ಬೆಳಿಗ್ಗೆ ಅವರ ಜೊತೆ ಭಿಕ್ಖುಗಳಿಗೆ ಭಿಕ್ಷೆ ನೀಡು, ಆ ಒಳ್ಳೆಯ ರೂಢಿಯನ್ನು ನಾವೂ ಅವರಿಂದ ಕಲಿಯಬೇಕು. ಆಮೇಲೆ ನಿನ್ನ ತರಗತಿಯ ಮಕ್ಕಳಿಗೆ ಜೂನ್ ಒಂದರ ಕಥೆಯನ್ನು ಸರಳ ಇಂಗ್ಲಿಷಿನಲ್ಲಿ ಹೇಳು. ಕೈಯಿಂದ ಕಿವಿ ಮುಟ್ಟಿಸಿ ತೋರಿಸು, ಮಕ್ಕಳಿಗೆ ಖುಷಿಯಾಗುತ್ತದೆ. ಅವ್ವನಿಗೆ ಫೋನ್ ಮಾಡುವುದನ್ನು ಮರೆಯಬೇಡ, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ.

ಬಂಧುಗಳೇ, ಇದು ಅವಳೊಬ್ಬಳ ಮಾತಲ್ಲ. ನಮ್ಮ ಗುಂಪಿನಲ್ಲೇ ಜೂನ್ ಒಂದರವರು ಎಷ್ಟು ಮಂದಿ ಇದ್ದೀರಿ ಎಂದು ನಿಮಗೇ ಗೊತ್ತು. ಮನೆಯಲ್ಲಿ ಯಾರದೇ ಹುಟ್ಟುಹಬ್ಬ ಬಂದರೂ ಮೂರು ಕೆಲಸ ಮಾಡಬಹುದು.

ಒಂದು: ತ್ರಿಸರಣ, ಪಂಚಶೀಲ ಹೇಳಿದ ಮೇಲೆ, ಮಗುವಿಗೆ ಅವಳು ಹುಟ್ಟಿದ ಕಥೆಯನ್ನು ಹೆತ್ತವಳ ಬಾಯಿಂದಲೇ ಕೇಳಿಸಿ. ಯಾವ ಬೆಳೆ ಹೊಲದಲ್ಲಿತ್ತು, ಸೂಲಗಿತ್ತಿ ಯಾರು, ನೀರು ಕಾಸಿದವರು ಯಾರು ಎಲ್ಲವನ್ನೂ ಕೇಳಿ ಬರೆದಿಡಿ. ಆ ಹೆಸರುಗಳಲ್ಲಿ ನಾಚಿಕೆಪಡುವಂಥದ್ದು ಏನೂ ಇರುವುದಿಲ್ಲ.

ಎರಡು: ನಿಮ್ಮನ್ನು ಶಾಲೆಗೆ ಬರೆದವರನ್ನು, ಫೀಸು ಕಟ್ಟಿದವರನ್ನು, ಮೊದಲ ಪುಸ್ತಕ ಕೊಟ್ಟವರನ್ನು ನೆನೆಯಿರಿ. ಬದುಕಿದ್ದರೆ ಹೋಗಿ ಮಾತಾಡಿಸಿ. ಬಾಬಾಸಾಹೇಬರು ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವು ಬರೆದ ಬುದ್ಧಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಆ ಒಂದು ಪುಸ್ತಕ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದಕ್ಕೆ ಇವತ್ತು ಇದನ್ನು ಓದುತ್ತಿರುವ ನಾವೆಲ್ಲ ಸಾಕ್ಷಿ.

ಮೂರು: ಕೇಕಿಗೆ ಎಷ್ಟು ಖರ್ಚು ಮಾಡುತ್ತೀರೋ ಅಷ್ಟನ್ನೇ ತೆಗೆದು ಇನ್ನೊಂದು ಮಗುವಿನ ಓದಿಗೆ ಇಡಿ. ಹಣವಿಲ್ಲದವರು ಒಂದು ಗಂಟೆ ಇಡಿ. ಕೇರಿಯ ಒಂದು ಮಗುವಿಗೆ ಲೆಕ್ಕವನ್ನೋ ಇಂಗ್ಲಿಷನ್ನೋ ಕನ್ನಡವನ್ನೋ ಕಲಿಸಿ.

ಹುಟ್ಟನ್ನು ನಾವ್ಯಾರೂ ಆರಿಸಿಕೊಳ್ಳಲಿಲ್ಲ, ಆದ್ದರಿಂದ ಅದರಲ್ಲಿ ಹೆಮ್ಮೆಗೂ ಜಾಗವಿಲ್ಲ, ನಾಚಿಕೆಗೂ ಜಾಗವಿಲ್ಲ. ಹುಟ್ಟಿದ ಮೇಲೆ ಯಾರು ಯಾರು ಕೈ ಹಿಡಿದರು, ನಾವು ಯಾರ ಕೈ ಹಿಡಿದೆವು ಎಂಬುದನ್ನು ವರ್ಷಕ್ಕೊಮ್ಮೆ ಕೂತು ಎಣಿಸಿದರೆ ಅದೇ ಬೌದ್ಧರ ಹುಟ್ಟುಹಬ್ಬ.

ನಮೋ ಬುದ್ಧಾಯ. ಜೈ ಭೀಮ್.